ಊರುಗೋಲಿಗೆ ಲೋಡ್ ಸೆಲ್: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಕಾಲಿನ ಆಪರೇಷನ್ ಆಗಿ ಆರು ವಾರದ ತಪಾಸಣೆ ಮುಗಿಸಿಕೊಂಡು ಬಂದಾಗ ಮಾವನ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಬಲಗಾಲಿಗೆ 20 ಕೆಜಿ ಭಾರ ಹಾಕಬಹುದು, ಎರಡೂ ಊರುಗೋಲು ಬಿಡಬಾರದು, ಎರಡು ವಾರ ಬಿಟ್ಟು ಬನ್ನಿ.

ನಾನು ಶಿವಮೊಗ್ಗದಲ್ಲಿ ತೂಕದ ಯಂತ್ರ ರಿಪೇರಿ ಮಾಡುವವನು. ಅಡಿಕೆ ಮಂಡಿಯ ಪ್ಲಾಟ್‌ಫಾರಂ ತಕ್ಕಡಿ, ಬಂಗಾರದ ಅಂಗಡಿಯ ಪುಟಾಣಿ ತಕ್ಕಡಿ, ಗೋಣಿ ನೇತುಹಾಕುವ ಹುಕ್ಕಿನ ತಕ್ಕಡಿ, ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಚೀಟಿ ಓದಿದ ಕೂಡಲೇ ತಲೆಗೆ ಬಂದದ್ದು ಒಂದೇ ಪ್ರಶ್ನೆ. 20 ಕೆಜಿ ಸರಿ, ಆದರೆ ತೂಗುವವರು ಯಾರು?

ಮಾವ ಅಂದರೆ ನನ್ನ ಸೋದರಮಾವ. 58 ವರ್ಷ, 64 ಕೆಜಿ. ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೆಯಲ್ಲಿ ಒಳಗೆ ತಿರುಗಿದರೆ ಮನೆ, ಮನೆಯ ಕೆಳಗೆ ಅಡಿಕೆ ತೋಟ. ಆಷಾಢದಲ್ಲಿ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸುತ್ತಿದ್ದರು. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಕೆಲಸದವರು ಎಲ್ಲಿ ಮುಟ್ಟಿದ್ದಾರೆ ಎಂದು ನೋಡಲು ಹೊರಟವರು ಹಳ್ಳದ ಸಂಕ, ಅಂದರೆ ಕಾಲುಸೇತುವೆ, ದಾಟುವಾಗ ಜಾರಿದರು. ಅಡಿಕೆ ಮರದ ಸಂಕ, ಮೇಲೆ ಪಾಚಿ. ಹತ್ತಾರು ವರ್ಷ ದಿನಕ್ಕೆ ನಾಲ್ಕು ಸಲ ದಾಟಿದ ಸಂಕ ಅದು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ, ಅಂದರೆ ಟಿಬಿಯಾ, ಅದರ ಮೇಲ್ತಟ್ಟು ಒಡೆದಿತ್ತು. ಪ್ಲೇಟು, ಸ್ಕ್ರೂ ಹಾಕಿದರು. ಈ ಜಾಗ ಕೀಲಿನೊಳಗೇ ಬರುತ್ತದೆ. ಕೂಡುವ ಮೊದಲು ಹೆಚ್ಚು ಭಾರ ಬಿದ್ದರೆ ತಟ್ಟು ಕುಸಿಯಬಹುದು, ಆಮೇಲೆ ಜೀವನಪರ್ಯಂತ ಮಂಡಿನೋವು. ಹಾಗಾಗಿ ಮೊದಲ ಕೆಲವು ವಾರ ಕಾಲು ಊರುವಂತಿಲ್ಲ, ಆಮೇಲೂ ಅಳೆದು ಅಳೆದು ಭಾರ ಕೊಡಬೇಕು.

ನಿಂತಾಗ ಸರಿ, ನಡೆದಾಗ?

ಆಸ್ಪತ್ರೆಯ ಫಿಸಿಯೋ ಮೇಡಂ 20 ಕೆಜಿ ಹೇಳಿಕೊಟ್ಟದ್ದು ಎಲ್ಲ ಕಡೆ ಹೇಳಿಕೊಡುವ ಹಾಗೆಯೇ. ಮನೆಯಲ್ಲಿ ತೂಕ ನೋಡುವ ಮಷಿನ್ ನೆಲದ ಮೇಲೆ ಇಟ್ಟು, ಪೆಟ್ಟಾದ ಕಾಲನ್ನು ಅದರ ಮೇಲಿಟ್ಟು, ಮುಳ್ಳು 20ಕ್ಕೆ ಬರುವ ತನಕ ಒತ್ತುವುದು. ಆ ಒತ್ತಡ ಹೇಗಿರುತ್ತದೆ ಎಂದು ಕಾಲಿಗೆ ನೆನಪಾಗಬೇಕು. ಮಾವ ಇದರಲ್ಲಿ ಪಳಗಿಬಿಟ್ಟರು. ಕಣ್ಣು ಮುಚ್ಚಿ ಒತ್ತಿದರೂ 19, 21. ಅತ್ತೆಗೆ ತೋರಿಸಿ ತೋರಿಸಿ ಸಾಕುಮಾಡಿದ್ದರು.

ಆದರೂ ಸಂಜೆಯಾದರೆ ಮಂಡಿ ಊದಿಕೊಳ್ಳುತ್ತಿತ್ತು. ಬೆಳಗ್ಗೆ ಎದ್ದಾಗಲೇ ನೋವು. ಕೇಳಿದರೆ, "ಎಂತ ಮಾರಾಯ, ನಾನು ಹಾಕೋದು ಇಪ್ಪತ್ತೇ. ಬೇಕಾದ್ರೆ ಮಷಿನ್ ತಗಂಬಾ" ಎನ್ನುತ್ತಿದ್ದರು.

ಇಲ್ಲೇ ನನ್ನ ಕಸುಬಿನ ಬುದ್ಧಿ ಕೆಲಸ ಮಾಡಿತು. ತಕ್ಕಡಿ ಎಂಬುದು ಭಾರ ನಿಲ್ಲುವ ತನಕ ಕಾಯುವ ಯಂತ್ರ. ಅಡಿಕೆ ಮಂಡಿಯಲ್ಲಿ ಮೂಟೆ ಎಸೆದ ಕ್ಷಣಕ್ಕೆ ಅಂಕಿ ಎಲ್ಲೆಲ್ಲೋ ಹಾರುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಹಲವು ಓದುಗಳ ಸರಾಸರಿ ತೆಗೆದು, ಅಲ್ಲಾಟ ನಿಂತ ಮೇಲೆ 'ಸ್ಟೇಬಲ್' ದೀಪ ಹಚ್ಚುತ್ತದೆ. ಆ ಹಾರಾಟ ವ್ಯಾಪಾರಕ್ಕೆ ಬೇಡ, ಬಿಸಾಕುತ್ತೇವೆ. ನಡೆಯುವವನ ಕಾಲಿಗೆ ಆ 'ಸ್ಟೇಬಲ್' ದೀಪ ಎಂದೂ ಹತ್ತುವುದಿಲ್ಲ, ಅಲ್ವಾ? ಒಂದು ಹೆಜ್ಜೆಗೆ ಒಂದು ಸೆಕೆಂಡೂ ಇಲ್ಲ. ಮೂಳೆಗೆ ಬೀಳುವುದು ನಾವು ಬಿಸಾಕುವ ಆ ಹಾರಾಟವೇ.

ಹಾಗಂತ ಮೊಣಕಾಲಿನ ಒಳಗೆ ಬೀಳುವ ಭಾರ ಹೊರಗಿನಿಂದ ಅಳೆಯಲು ಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಬರ್ಗ್‌ಮನ್ ತಂಡದವರು ಕೃತಕ ಕೀಲಿನೊಳಗೇ ಸೆನ್ಸರ್ ಕೂರಿಸಿ ನೋಡಿದ್ದಾರೆ. ಸುಮ್ನೆ ಸಮನೆಲದಲ್ಲಿ ನಡೆದರೂ ಕೀಲಿಗೆ ಮೈತೂಕದ ಎರಡೂವರೆ ಪಟ್ಟಿನ ಆಸುಪಾಸು ಬೀಳುತ್ತದೆ, ಏಕೆಂದರೆ ಸ್ನಾಯುಗಳೂ ಎರಡು ಮೂಳೆಯನ್ನು ಒಂದಕ್ಕೊಂದು ಬಿಗಿದು ಎಳೆಯುತ್ತವೆ. ಡಾಕ್ಟರು ಹೇಳುವ 20 ಕೆಜಿ ಅಂದರೆ ಪಾದ ನೆಲಕ್ಕೆ ಒತ್ತುವ ಭಾರ. ನಾನು ಹಿಡಿಯಲು ಹೊರಟದ್ದು ಅದನ್ನು ಮಾತ್ರ.

ಕೋಲು ಕೊಯ್ದದ್ದು

ಪಾದದ ಕೆಳಗೆ ಸೆನ್ಸರ್ ಇಡಬಹುದಿತ್ತು. ಚಪ್ಪಲಿಯೊಳಗೆ ಹಾಕುವ ತೆಳು ರಬ್ಬರಿನಂಥ ಒತ್ತಡದ ಪಟ್ಟಿಗಳು ಸಿಗುತ್ತವೆ, ಅಗ್ಗ ಕೂಡ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ. ಒತ್ತಿ ಹಿಡಿದರೆ ಅಂಕಿ ತಾನಾಗಿ ಏರುತ್ತ ಹೋಗುತ್ತದೆ, ಏರುವಾಗ ಒಂದು ಓದು, ಇಳಿಯುವಾಗ ಇನ್ನೊಂದು. ಮೇಲಾಗಿ ನಮ್ಮ ಕಡೆ ಮನೆಯೊಳಗೆ ಚಪ್ಪಲಿ ಹಾಕುವವರು ಯಾರು? ಊರುಗೋಲು ಮಾತ್ರ ಬಚ್ಚಲ ತನಕವೂ ಜೊತೆಗೆ ಬರುತ್ತದೆ.

ಲೆಕ್ಕವೂ ಸರಳ. ಒಳ್ಳೆಯ ಕಾಲು ಗಾಳಿಯಲ್ಲಿದ್ದಾಗ ನೆಲಕ್ಕೆ ತಾಗುವುದು ಮೂರೇ: ಎರಡು ಕೋಲು, ಒಂದು ಪೆಟ್ಟಾದ ಕಾಲು. 64ರಲ್ಲಿ ಎರಡು ಕೋಲಿನ ಭಾರ ಕಳೆದರೆ ಉಳಿದದ್ದು ಕಾಲಿನದು. ಕಾಲಿಗೆ 20 ಬೀಳಬೇಕಾದರೆ ಕೋಲುಗಳು 44 ಹೊರಬೇಕು, ಒಂದೊಂದು 22.

ಹುಕ್ಕಿನ ತಕ್ಕಡಿಯೊಳಗಿನ 100 ಕೆಜಿಯ ಎಸ್ ಟೈಪ್ ಲೋಡ್ ಸೆಲ್ ಎರಡು ನನ್ನ ಬಳಿ ಇದ್ದವು. ಲೋಡ್ ಸೆಲ್ ಅಂದರೆ ಲೋಹದ ತುಂಡಿಗೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ಸಣ್ಣ ತಂತಿಯ ಪಟ್ಟಿ, ಅಷ್ಟೇ. ಲೋಹ ಕೂದಲೆಳೆಯಷ್ಟೂ ಬಾಗದಿದ್ದರೂ ಗೇಜಿನ ತಂತಿಯ ರೆಸಿಸ್ಟೆನ್ಸ್ ಬದಲಾಗುತ್ತದೆ. 1938ರಲ್ಲಿ ಅಮೆರಿಕದ ಇಬ್ಬರು, ಸಿಮನ್ಸ್ ಮತ್ತು ರೂಜ್, ಒಬ್ಬರಿಗೊಬ್ಬರು ಗೊತ್ತಿಲ್ಲದೇ ಇದನ್ನು ಕಂಡುಹಿಡಿದರು. ನನ್ನ ಮನೆಯ ಅನ್ನ ಅವರ ಅಂಟಿನಿಂದ. 5 ವೋಲ್ಟ್ ಕೊಟ್ಟರೆ 100 ಕೆಜಿ ಭಾರಕ್ಕೆ ಈ ಸೆಲ್ ವಾಪಸ್ ಕೊಡುವುದು 10 ಮಿಲಿವೋಲ್ಟ್. ಒಂದು ಕೆಜಿಗೆ ಮಿಲಿವೋಲ್ಟಿನ ಹತ್ತರಲ್ಲೊಂದು ಪಾಲು. ಅದನ್ನು ಹಿಗ್ಗಿಸಿ ಅಂಕಿ ಮಾಡಲು ಎಚ್‌ಎಕ್ಸ್711 ಎಂಬ ಚಿಪ್ಪು, ಬರೆದಿಡಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಮತ್ತು ಮೆಮೊರಿ ಕಾರ್ಡು, ಕೋಲು ಎಷ್ಟು ವಾಲಿದೆ ಎಂದು ತಿಳಿಯಲು ಎಂಪಿಯು6050 ಎಂಬ ಸೆನ್ಸರ್, ಕರೆಂಟಿಗೆ ಟಾರ್ಚಿನ ಲಿಥಿಯಂ ಬ್ಯಾಟರಿ.

ಆಸ್ಪತ್ರೆ ಕೊಟ್ಟದ್ದು ಕಂಕುಳಿಗೆ ಊರುವ ಅಲ್ಯೂಮಿನಿಯಂ ಕೋಲು. ಅದರ ಕೆಳಪೈಪನ್ನು ರಬ್ಬರ್ ಬುಷ್‌ನ ಸ್ವಲ್ಪ ಮೇಲೆ ಕೊಯ್ದು, ನಡುವೆ ಸೆಲ್ ಕೂರಿಸಿದೆ. ತುದಿಯ ಹತ್ತಿರವೇ ಯಾಕೆ ಅಂದರೆ, ಮೇಲೆ ಹೋದಷ್ಟೂ ಕೋಲು ಬಿಲ್ಲಿನ ಹಾಗೆ ಬಾಗುವ ಬಲ ಸೆಲ್ಲಿಗೆ ಸೇರಿ ಓದು ಕೆಡುತ್ತದೆ. ತುದಿಯಲ್ಲಿ ಬಾಗು ಕಡಿಮೆ. ಆದರೆ ಕೆಸರು, ನೀರು ಜಾಸ್ತಿ. ಸೈಕಲ್ ಟ್ಯೂಬ್ ತೊಡಿಸಿ ಎರಡೂ ಕಡೆ ಸಿಲಿಕಾನ್ ಬಳಿದೆ. ಲೇತ್ ಅಂಗಡಿಯಲ್ಲಿ ಒಳಗಿನ ಬೆಸುಗೆಗೆ ಗಟ್ಟಿ ಕಾಲರ್ ಮಾಡಿಸಿದೆ. ಸೆಲ್ಲಿನಿಂದ ಉದ್ದ ಹೆಚ್ಚಿತಲ್ಲ, ಅದಕ್ಕೆ ಗುಂಡಿ ಒತ್ತಿ ಮೂರು ತೂತು ಇಳಿಸಿದೆ. ಮಾವನ ಕೈಗೆ ಕೊಡುವ ಮೊದಲು ಒಂದೊಂದು ಕೋಲಿನ ಮೇಲೂ 100 ಕೆಜಿ ಹೇರಿ ಒಂದು ರಾತ್ರಿ ಬಿಟ್ಟೆ. ಕೊಯ್ದ ಕೋಲು ಮುರಿದು ಮನುಷ್ಯ ಬಿದ್ದರೆ ಈ ಓದೆಲ್ಲ ಯಾತಕ್ಕೆ ಬಂತು? ಫಿಸಿಯೋ ಮೇಡಂ ನೋಡಿ, ಅಲ್ಲಾಡಿಸಿ, ಒಪ್ಪಿದ ಮೇಲೆಯೇ ಊರಿಗೆ ಒಯ್ದದ್ದು.

"ಮಂಡಿ ಮುರಿದದ್ದಕ್ಕೆ ಮಂಡಿ ತಕ್ಕಡಿಯನಾ?" ಎಂದು ಮಾವ ನಕ್ಕರು. ಆಮೇಲೆ ಎತ್ತಿ ನೋಡಿ, "ಭಾರ ಆಯ್ತಲ್ಲೋ" ಎಂದರು. ಹೌದು, ಒಂದೊಂದಕ್ಕೆ ಅರ್ಧ ಕೆಜಿ ಜಾಸ್ತಿಯಾಗಿತ್ತು.

ಎಡವಿದ್ದು

ಮೊದಲ ಓದು ಚೆನ್ನಾಗಿಯೇ ಬಂತು. ಜಗುಲಿಯಲ್ಲಿ ನಡೆಸಿದರೆ ಕಾಲಿಗೆ 24. ಮಾವನ ಮುಖ ಅರಳಿತು. ನನಗೆ ಸಮಾಧಾನ ಆಗಲಿಲ್ಲ. ಗೆರೆ, ಅಂದರೆ ಓದಿನ ಗ್ರಾಫ್, ತುಂಬ ನಯವಾಗಿತ್ತು.

ತಪ್ಪು ನನ್ನದೇ. ಎಚ್‌ಎಕ್ಸ್711 ಬೋರ್ಡು ಅಂಗಡಿಯಿಂದ ಬರುವಾಗ ಸೆಕೆಂಡಿಗೆ 10 ಸಲ ಓದುವ ಹಾಗೆ ಕಟ್ಟಿರುತ್ತದೆ. ತಕ್ಕಡಿಗೆ ಅದು ಧಾರಾಳ. ಹೆಜ್ಜೆಗೆ ಸಾಲದು. ಮುಕ್ಕಾಲು ಸೆಕೆಂಡಿನ ಹೆಜ್ಜೆಯಲ್ಲಿ ಏಳೆಂಟು ಓದು, ನಡುವಿನ ಏಟು ತಪ್ಪಿಹೋಗುತ್ತದೆ. ಚಿಪ್ಪಿನ 15ನೇ ಪಿನ್ನನ್ನು ಎತ್ತಿ ಬೇರೆ ಕಡೆ ಬೆಸೆದರೆ ಸೆಕೆಂಡಿಗೆ 80. ವರ್ಷಗಟ್ಟಲೆ ಅದೇ ಚಿಪ್ಪನ್ನು ಮುಟ್ಟಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಎರಡು ಕೋಲಿನ ಗಡಿಯಾರ ಬೇರೆ ಬೇರೆ. ಎಡಗೋಲಿನ ಓದಿಗೆ ಬಲಗೋಲಿನ ಅದೇ ಗಳಿಗೆಯ ಓದು ಕೂಡಿಸಬೇಕಲ್ಲ? ವೈರ್‌ಲೆಸ್ ಮಾಡಬಹುದಿತ್ತು. ನಾನು ಮಾಡಿದ್ದು ಇನ್ನೂ ಸುಲಭ. ಶುರುವಿಗೆ ಒಮ್ಮೆ, ಕೊನೆಗೆ ಒಮ್ಮೆ, ಎರಡೂ ಕೋಲನ್ನು ಒಟ್ಟಿಗೆ ನೆಲಕ್ಕೆ ಕುಟ್ಟುವುದು. ಎರಡು ಗೆರೆಯಲ್ಲೂ ಮುಳ್ಳಿನಂಥ ಗುರುತು ಬೀಳುತ್ತದೆ. ಅವನ್ನು ಹೊಂದಿಸಿದರೆ ಆಯಿತು.

ಶೂನ್ಯದ ವಿಷಯದಲ್ಲಿ ಮಾತ್ರ ಊರುಗೋಲು ನನ್ನ ತಕ್ಕಡಿಗಳಿಗಿಂತ ಪುಣ್ಯವಂತ. ಮಳೆಗಾಲದ ತೇವಕ್ಕೆ, ಒಲೆಯ ಹತ್ತಿರದ ಬಿಸಿಗೆ ಲೋಡ್ ಸೆಲ್ಲಿನ ಸೊನ್ನೆ ಸರಿಯುತ್ತದೆ. ಬೆಳಗ್ಗೆ 0 ಇದ್ದದ್ದು ಸಂಜೆ ಒಂದೂವರೆ. ಆದರೆ ಕೋಲು ಪ್ರತಿ ಹೆಜ್ಜೆಗೂ ನೆಲ ಬಿಡುತ್ತದೆ! ಗಾಳಿಯಲ್ಲಿದ್ದಾಗಿನ ಓದನ್ನೇ ಆ ಹೆಜ್ಜೆಯ ಸೊನ್ನೆ ಎಂದು ಹಿಡಿದರೆ ತೊಂದರೆ ಮುಗಿಯಿತು. ಇದು ಹೊಳೆದ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ನಗಬೇಡಿ.

ವಾಲಿಕೆಯ ಲೆಕ್ಕ ಸಣ್ಣದು. ಕೋಲು 20 ಡಿಗ್ರಿ ವಾಲಿದರೆ ಸೆಲ್ ತೋರಿಸುವ 25ರಲ್ಲಿ ಮೈಯನ್ನು ಮೇಲೆತ್ತುವುದು 23.5 ಮಾತ್ರ. ಎರಡೂ ಸೇರಿ 3 ಕೆಜಿ ವ್ಯತ್ಯಾಸ. ದೊಡ್ಡ ತಲೆನೋವು ಬೇರೆ. ಮೈ ನಿಂತಲ್ಲಿ ನಿಂತಿರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಲಿಫ್ಟು ಮೇಲೆ ಹೊರಟಾಗ ಕಾಲಿಗೆ ಭಾರ ಜಾಸ್ತಿ ಅನಿಸುವುದಿಲ್ಲವೇ, ಅದೇ. ಗುರುತ್ವದ ಹತ್ತರಲ್ಲೊಂದು ಪಾಲು ಕುಲುಕಿದರೂ 64 ಎಂಬುದು 70 ಆಗುತ್ತದೆ ಇಲ್ಲವೇ 58. ಕಳೆಯುವ ಲೆಕ್ಕದಲ್ಲಿ ಆ 6 ಕೆಜಿ ಪೂರ್ತಿ ಕಾಲಿನ ತಲೆಗೆ ಬರುತ್ತದೆ. 20ರಲ್ಲಿ 6 ಅಂದರೆ ಸುಮಾರು ಮೂರರಲ್ಲೊಂದು ಪಾಲು.

ಇದನ್ನು ಪರೀಕ್ಷಿಸಲು ಮಾವನನ್ನು ಒಂದು ದಿನ ಅಂಗಡಿಗೆ ಕರೆತಂದೆ. ಪ್ಲಾಟ್‌ಫಾರಂ ತಕ್ಕಡಿಯನ್ನು ಹಲಗೆಗಳ ನಡುವೆ ಸಮಮಟ್ಟಕ್ಕೆ ಕೂರಿಸಿ, ಅದರ ಡಿಸ್‌ಪ್ಲೇ ಬಿಚ್ಚಿ, ಸೆಕೆಂಡಿಗೆ 80ರ ಬೋರ್ಡು ಕಟ್ಟಿದೆ. ಬಲಪಾದ ಮಾತ್ರ ತಟ್ಟೆಯ ಮೇಲೆ, ಕೋಲುಗಳು ಹೊರಗೆ ಹಲಗೆಯ ಮೇಲೆ. ಹೆಜ್ಜೆಯ ನಡುಭಾಗದಲ್ಲಿ ಕಳೆದು ಬಂದ ಅಂಕಿಗೂ ತಟ್ಟೆಯ ಅಂಕಿಗೂ 2-3 ಕೆಜಿ ವ್ಯತ್ಯಾಸ. ಅಷ್ಟು ನಂಬಬಹುದು. ಹೆಜ್ಜೆಯ ಶುರುವಿನಲ್ಲಿ ನನ್ನ ಲೆಕ್ಕ ಉಪಯೋಗಕ್ಕಿಲ್ಲ, ಎಡಗಾಲೂ ಇನ್ನೂ ನೆಲದ ಮೇಲೆಯೇ ಇರುತ್ತದಲ್ಲ.

ಮತ್ತೆ ಅಲ್ಲೇ ಒಂದು ವಿಷಯ ಕಂಡಿತು. ಮೆಲ್ಲಗೆ ನಡೆದರೆ ತಟ್ಟೆ 22 ದಾಟುತ್ತಿರಲಿಲ್ಲ. ಸ್ವಲ್ಪ ಅವಸರ ಮಾಡಿಸಿದರೆ ಮೊದಲೇಟಿಗೇ 31. ಗೆರೆ ನೋಡಿದರೆ ಕಾರಣ ಸ್ಪಷ್ಟ. ಪಾದ ಮೊದಲು ಬೀಳುತ್ತಿತ್ತು, ಕೋಲು ಒಂದು ಚಿಟಿಕೆಯಷ್ಟು ತಡವಾಗಿ. ಆ ಚಿಟಿಕೆಯೊಳಗೆ ಪಾದದ ಭಾರ ಹಂಚಿಕೊಳ್ಳಲು ಕೋಲು ಇನ್ನೂ ಬಂದಿರುವುದಿಲ್ಲ. ಮೇಡಂಗೆ ತೋರಿಸಿದೆ. ಅವರು ಅಂಕಿ ನೋಡಲೇ ಇಲ್ಲ, ಗೆರೆಯ ಮೇಲೆ ಬೆರಳಿಟ್ಟು, "ಕೋಲು ಮೊದಲು ಅಂತ ಇವರಿಗೆ ದಿನಾ ಹೇಳ್ತಾ ಇದೀನಿ" ಎಂದರು.

ರಾತ್ರಿಯ ಗೆರೆ

ಕೋಲುಗಳನ್ನು ಮೂರು ಹಗಲು ಮೂರು ರಾತ್ರಿ ಮನೆಯಲ್ಲೇ ಬಿಟ್ಟೆ. ದಿನಕ್ಕೊಮ್ಮೆ ಬ್ಯಾಟರಿ ಬದಲಿಸುವುದು ಅತ್ತೆಯ ಕೆಲಸ.

ಹಗಲಿನ ಓದಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಜಗುಲಿಯಲ್ಲಿ 20ರಿಂದ 26. ಅಡುಗೆಮನೆಯಿಂದ ಬಚ್ಚಲಿಗೆ ಇಳಿಯುವ ಜಂಬಿಟ್ಟಿಗೆ ಮೆಟ್ಟಿಲಲ್ಲಿ ಮಾತ್ರ 35ರ ಹತ್ತಿರ. ಇಳಿಯುವಾಗ ಕೋಲು ಮತ್ತು ಪೆಟ್ಟಾದ ಕಾಲು ಮೊದಲು, ಹತ್ತುವಾಗ ಒಳ್ಳೆಯ ಕಾಲು ಮೊದಲು ಎಂದು ಹೇಳಿಕೊಟ್ಟಿದ್ದರು. ಮಾವ ಇಳಿಯುವಾಗಲೂ ಒಳ್ಳೆಯ ಕಾಲೇ ಮುಂದಿಡುತ್ತಿದ್ದರು.

ರಾತ್ರಿಯ ಗೆರೆ ಬಿಡಿಸಿದಾಗ ಮೊದಲು ಯಂತ್ರವೇ ಕೆಟ್ಟಿದೆ ಎಂದುಕೊಂಡೆ. ಎಡಗೋಲು ಸೊನ್ನೆ. ಪೂರ್ತಿ ಸೊನ್ನೆ, ವಾಲಿಕೆಯೂ ಬದಲಾಗಿಲ್ಲ. ಬಲಗೋಲು ಮಾತ್ರ ನಡೆಯುತ್ತಿದೆ. ಎರಡೂವರೆ ಗಂಟೆಗೆ 14 ಹೆಜ್ಜೆ ಆ ಕಡೆ, ಸ್ವಲ್ಪ ಹೊತ್ತು ಬಿಟ್ಟು 14 ಹೆಜ್ಜೆ ಈ ಕಡೆ. ನಾಲ್ಕೂವರೆಗೆ ಮತ್ತೆ. ಮೂರೂ ರಾತ್ರಿ ಹೀಗೇ. ಬಲಗೋಲು ಹೊತ್ತದ್ದು 22. ಹಾಗಾದರೆ ಕಾಲಿಗೆ 42, ಹೇಳಿದ್ದರ ಎರಡು ಪಟ್ಟು.

ಎಡಗೋಲು ಗೋಡೆಗೆ ಒರಗಿ ಮಲಗಿತ್ತು. ಮಾವ ಒಂದೇ ಕೋಲಿನಲ್ಲಿ ಬಚ್ಚಲಿಗೆ ಹೋಗಿಬರುತ್ತಿದ್ದರು. ಎಡಗೈಯಲ್ಲಿ ಟಾರ್ಚು.

ಮಳೆಗಾಲದಲ್ಲಿ ನಮ್ಮ ಕಡೆ ರಾತ್ರಿ ಕರೆಂಟಿನ ಗತಿ ಗೊತ್ತಲ್ಲ. ಕೇಳಿದಾಗ ಮಾವ ಮುಚ್ಚಿಡಲಿಲ್ಲ, "ಟಾರ್ಚನ್ನ ಬಾಯಲ್ಲಿ ಕಚ್ಕಳದಾ ಮತ್ತೆ?" ಎಂದರು. ಹಗಲಿಡೀ ಲೆಕ್ಕ ಹಾಕಿ ನಡೆದವರು, ನಿದ್ದೆಗಣ್ಣಿನಲ್ಲಿ ಅಷ್ಟನ್ನೂ ಬಿಟ್ಟುಬಿಡುತ್ತಿದ್ದರು. ಅದು ಅವರಿಗೆ ನಡಿಗೆ ಅಂತಲೇ ಅನಿಸಿರಲಿಲ್ಲ. ನಡಿಗೆ ಅಂದರೆ ಜಗುಲಿಯಲ್ಲಿ ಅಭ್ಯಾಸ ಮಾಡುವುದು. ಇದು ಸುಮ್ನೆ ಬಚ್ಚಲಿಗೆ ಹೋಗಿಬಂದದ್ದು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಣೆಗೆ ಕಟ್ಟುವ ಟಾರ್ಚು ತಂದುಕೊಟ್ಟೆ. ಮರುವಾರದ ರಾತ್ರಿಗಳಲ್ಲಿ ಎರಡೂ ಕೋಲು ನಡೆದವು, ಕಾಲಿಗೆ 25ರ ಆಸುಪಾಸು. ಮಂಡಿಯ ಊತವೂ ಇಳಿಯಿತು. ಅದು ಟಾರ್ಚಿನಿಂದಲೇ ಎಂದು ನಾನು ಹೇಳುವುದಿಲ್ಲ. ಅದೇ ವಾರ ಮೇಡಂ ಐಸ್ ಇಡುವುದನ್ನೂ, ಕಾಲು ಎತ್ತರದಲ್ಲಿಡುವುದನ್ನೂ ಹೆಚ್ಚಿಸಿದ್ದರು.

ಕೀ ಎಂಬ ಸದ್ದು ಮಾಡಿದ ಕೆಡುಕು

ಇಲ್ಲಿಗೆ ನಿಲ್ಲಿಸಬಹುದಿತ್ತು. ನನಗೆ ಹುರುಪು ಬಂದಿತ್ತು. ಕೋಲು 23 ಕೆಜಿ ಮುಟ್ಟಿದರೆ ಕೀ ಎನ್ನುವ ಹಾಗೆ ಒಂದೊಂದು ಬಜರ್ ಹಾಕಿದೆ. ಬೇಕಾದ್ದು 22, ವಾಲಿಕೆಗೆ ಒಂದು ಸೇರಿಸಿ 23. ಎರಡೂ ಕಡೆ ಕೀ ಎಂದರೆ ಕಾಲು ಕ್ಷೇಮ.

ಮಾವನಿಗೆ ಇದು ಆಟವಾಯಿತು. ನಾಲ್ಕೇ ದಿನದಲ್ಲಿ ಪ್ರತಿ ಹೆಜ್ಜೆಗೂ ಕೀ, ಕೀ. ಗೆರೆ ನೋಡಿ ನಾನೂ ಬೀಗಿದೆ. ಐದನೇ ದಿನ ಅತ್ತೆ ಫೋನ್ ಮಾಡಿ, "ಮಾವಂಗೆ ಬಲಗೈ ಜುಮ್ ಅಂತಿದೆಯಂತೆ, ಲೋಟ ಹಿಡಿಯಕ್ಕೆ ಆಗ್ತಿಲ್ಲ ಅಂತಾರೆ" ಎಂದರು.

ಮೇಡಂ ನೋಡಿದ ಕೂಡಲೇ ಹಿಡಿದರು. ಕೀ ಅನಿಸುವ ಆಸೆಗೆ ಮಾವ ಕಂಕುಳನ್ನೇ ಕೋಲಿನ ತಲೆಗೆ ಹೇರಿ ನೇತುಬೀಳುತ್ತಿದ್ದರು. ಕಂಕುಳಲ್ಲಿ ಹಾದುಹೋಗುವ ನರ ಅದುಮಿಕೊಂಡರೆ ಕೈ ಜುಮುಗುಟ್ಟುತ್ತದೆ, ಹೆಚ್ಚಾದರೆ ಮಣಿಕಟ್ಟೇ ಎತ್ತಲು ಬರದೆ ಜೋತುಬೀಳುತ್ತದೆ. ಭಾರ ಹೊರಬೇಕಾದದ್ದು ಅಂಗೈ. ಕೋಲಿನ ತಲೆಗೂ ಕಂಕುಳಿಗೂ ನಡುವೆ ಎರಡು-ಮೂರು ಬೆರಳಿನಷ್ಟು ಜಾಗ ಇರಬೇಕು, ಮೊಣಕೈ 20-30 ಡಿಗ್ರಿ ಮಡಚಿರಬೇಕು. ನನ್ನ ಸೆಲ್ ಇರುವುದು ಕೋಲಿನ ತುದಿಯಲ್ಲಿ. ಭಾರ ಅಂಗೈಯಿಂದ ಇಳಿದರೂ 23, ಕಂಕುಳಿಂದ ಇಳಿದರೂ 23. ಅದಕ್ಕೆ ಎರಡೂ ಒಂದೇ.

ಅಂಕಿ ಸರಿಯಿತ್ತು, ನನಗೆ ನಾಚಿಕೆಯಾಯಿತು. ಬಜರ್ ಕಿತ್ತುಹಾಕಿದೆ. ಮೇಡಂ ಮೊಣಕೈ ಪಟ್ಟಿಯ ಕೋಲು ಬರೆದುಕೊಟ್ಟರು, ಅದರಲ್ಲಿ ಕಂಕುಳಿಗೆ ಊರುವ ತಲೆಯೇ ಇಲ್ಲ. ಅದೇ ಸೆಲ್‌ಗಳನ್ನು ಅದರ ಕೆಳಪೈಪಿಗೆ ಕೂರಿಸಿದೆ. ಜುಮುಗುಟ್ಟುವುದು ಹತ್ತು ದಿನದಲ್ಲಿ ಹೋಯಿತು. ಅಂಗಡಿಯ ತಟ್ಟೆಯ ಮೇಲೆ ಇನ್ನೊಮ್ಮೆ ಅವಸರದ ನಡಿಗೆ ಮಾಡಿಸಿದೆ, 23 ಬಂತು.

ಈಗ

ಎಂಟನೇ ವಾರ ಡಾಕ್ಟರು ಭಾರ ಹೆಚ್ಚಿಸಿದರು, ಹನ್ನೆರಡನೇ ವಾರ ಎಕ್ಸ್‌ರೇ ನೋಡಿ ಮೂಳೆ ಕೂಡಿದೆ ಎಂದರು. ಅಡಿಕೆ ಗೊನೆಯ ಕೊಯ್ಲು ಶುರುವಾಗುವ ಹೊತ್ತಿಗೆ ಮಾವ ಒಂದೇ ಕೋಲಿಗೆ ಬಂದಿದ್ದರು. ಒಬ್ಬ ಮನುಷ್ಯ, ಎರಡು ಕೋಲು, ಆರು ವಾರದ ಓದು. ಇದರಿಂದ ಇನ್ನೊಬ್ಬರ ಕಾಲಿಗೆ ಏನು ಹೇಳಬಹುದು ಎಂದು ಕೇಳಿದರೆ, ಫಿಸಿಯೋ ಹತ್ತಿರ ಹೋಗಿ, ರಾತ್ರಿ ಬಚ್ಚಲಿಗೆ ಹೇಗೆ ಹೋಗುತ್ತೀರಿ ಎಂಬುದನ್ನೂ ಅವರಿಗೆ ಹೇಳಿ ಎನ್ನುತ್ತೇನೆ.

ಎಡಗೋಲಿನ ಸೆಲ್ ಒಳಗೆ ಹೇಗೋ ನೀರು ಹೋಗಿ ಸತ್ತಿತು. ಬಲಗೋಲಿನದು ಇನ್ನೂ ಚೆನ್ನಾಗಿದೆ. ಅದನ್ನು ಬಿಚ್ಚಿಕೊಳ್ಳಲು ಹೋದ ತಿಂಗಳು ಹೋಗಿದ್ದೆ. ಮಾವ ಅಂಗಳದಲ್ಲಿ ಅಡಿಕೆ ನೋಡಿಕೊಂಡು ಓಡಾಡುತ್ತಿದ್ದರು, ಕೋಲು ಬಲಗೈಯಲ್ಲಿ. ಒಂದೇ ಕೋಲಾದರೆ ಪೆಟ್ಟಾದ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು ಎಂದೆ. "ಪೆಟ್ಟಾದ್ದು ಬಲಗಾಲಿಗೆ, ಎಡಗೈಯಲ್ಲಿ ಹಿಡಿದ್ರೆ ಎಂತ ಉಪಯೋಗ?" ಎಂದರು. ಎಡಗೈಯಲ್ಲಿ ಹತ್ತು ಹೆಜ್ಜೆ, ಬಲಗೈಯಲ್ಲಿ ಹತ್ತು ಹೆಜ್ಜೆ ಹಾಕಿಸಿ ಮೊಬೈಲಿನಲ್ಲಿ ಗೆರೆ ತೋರಿಸಿದೆ. ನೋಡಿದರು. ಸೆಲ್ ಬಿಚ್ಚಲು ಬಿಡಲಿಲ್ಲ, ಇನ್ನೊಂದು ತಿಂಗಳು ಇರಲಿ ಎಂದರು. ಕೋಲು ಮತ್ತೆ ಬಲಗೈಗೇ ಹೋಯಿತು.